ನೀರಡಿಕೆ: ಡಯಾಲಿಸಿಸ್‌ನಿಂದ ಕಿಡ್ನಿ ಕಸಿಯವರೆಗೆ ನನ್ನ ದಾರಿ, ನನ್ನ ನಂಬಿಕೆ

ಕಿಡ್ನಿ ಕಸಿ ಆಗಿ ಕೆಲವು ತಿಂಗಳಾದವು. ಮೊನ್ನೆ ಬೆಳಗಾವಿಗೆ ತಪಾಸಣೆಗೆ ಹೋದಾಗ ಡಾಕ್ಟರು "ಇನ್ನು ನಿಧಾನಕ್ಕೆ ಕೆಲಸ ಶುರು ಮಾಡಿ" ಅಂದರು. ವಿಜಯಪುರದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ, ಝೆರಾಕ್ಸ್ ಅಂಗಡಿ ಇದೆ. ಲಗ್ನಪತ್ರಿಕೆಯ ಸೀಜನ್ ಬಂದರೆ ಕೈ ಖಾಲಿ ಇರುವುದಿಲ್ಲ. ಅದಕ್ಕೆ ಮುಂಚೆಯೇ ಇದನ್ನು ಬರೆದುಬಿಡೋಣ ಅಂತ ಕೂತಿದ್ದೇನೆ.

ಕಾಯಿಲೆ ಬಂದ ಹೊಸದರಲ್ಲಿ ನನಗೆ ಎರಡು ವಿಷಯ ತಿಳಿಯಬೇಕಿತ್ತು. ಯಾವ ಕಾಗದ ಯಾವ ಕೌಂಟರಿಗೆ ಕೊಡಬೇಕು ಅನ್ನೋದು ಒಂದು. ದೇವರು ನನಗೆ ಯಾಕೆ ಹೀಗೆ ಮಾಡಿದ ಅನ್ನೋದು ಇನ್ನೊಂದು. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಮನುಷ್ಯ ಹೇಗೆ ದಿನ ಕಳೀತಾನೆ ಅಂತ ಹೇಳುವವರು ಸಿಗಲಿಲ್ಲ. ನಮ್ಮ ಚರ್ಚಿನ ಸಭೆಯಲ್ಲೇ ಇನ್ನೊಬ್ಬರಿಗೆ ಈಗ ಡಯಾಲಿಸಿಸ್ (ಮಷೀನಿನಿಂದ ರಕ್ತ ಸೋಸುವುದು) ಶುರುವಾಗಿದೆ. ಅವರಿಗೆ, ಅವರಂಥವರಿಗೆ ಇದು.

ಮೊದಲು ಕಾಣಿಸಿದ್ದು ಕಾಲಿನ ಬಾವು. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ತಗ್ಗಾಗಿ ಉಳಿಯುತ್ತಿತ್ತು. ಆಮೇಲೆ ರಾತ್ರಿ ಮಲಗಿದರೆ ಉಸಿರು ಕಟ್ಟತೊಡಗಿತು. ದಿಂಬು ಮೇಲೆ ದಿಂಬು ಇಟ್ಟುಕೊಂಡು ಕೂತೇ ನಿದ್ದೆ ಮಾಡುತ್ತಿದ್ದೆ. ರಕ್ತ ಪರೀಕ್ಷೆ ಮಾಡಿಸಿದಾಗ ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಲ್ಮಶ, ಒಂದರ ಆಸುಪಾಸು ಇರಬೇಕಾದದ್ದು, ಹತ್ತು ದಾಟಿತ್ತು. ಸ್ಕ್ಯಾನಿಂಗ್‌ನಲ್ಲಿ ಎರಡೂ ಕಿಡ್ನಿ ಕುಗ್ಗಿರುವುದು ಕಂಡಿತು. ಬಿಪಿಯಿಂದ ಆಗಿರಬೇಕು ಅಂದರು. ಅವತ್ತೇ ರಾತ್ರಿ ಕುತ್ತಿಗೆಗೆ ನಳಿಗೆ ಹಾಕಿ ಮೊದಲ ಡಯಾಲಿಸಿಸ್ ಮಾಡಿದರು. ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತು ಬೈಬಲ್ಲಿನ 23ನೇ ಕೀರ್ತನೆ ಹೇಳಿಕೊಳ್ಳುತ್ತಿದ್ದಳಂತೆ. ಒಳಗೆ ನನಗೆ ಒಂದು ಸಾಲೂ ನೆನಪಾಗಲಿಲ್ಲ.

ಹೊಸಬರಿಗೆ ಇಲ್ಲಿ ಒಂದಿಷ್ಟು ಕೆಲಸದ ಮಾತು. ಡಯಾಲಿಸಿಸ್ ಅಂದರೆ ವಾರಕ್ಕೆ ಎರಡು ಅಥವಾ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ತಾಸು. ಯಾವ ಸೆಂಟರಿಗೆ ಸೇರಬೇಕಾದರೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ರಿಪೋರ್ಟ್ ಕೇಳುತ್ತಾರೆ. ಅವನ್ನು ಮೊದಲೇ ಮಾಡಿಸಿಕೊಂಡು ನಾಲ್ಕಾರು ಝೆರಾಕ್ಸ್ ಇಟ್ಟುಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆಯನ್ನೂ ಬೇಗ ಶುರು ಮಾಡಿ. ನಾನು ಮೊದಮೊದಲು ಖಾಸಗಿ ಕಡೆ ಒಂದು ಸಲಕ್ಕೆ ಸುಮಾರು 2,000 ರೂಪಾಯಿ ಕೊಟ್ಟೆ. ಔಷಧ, ಇಂಜೆಕ್ಷನ್ ಬೇರೆ. ಅಂಗಡಿಯ ಹೊಸ ಪ್ರಿಂಟರ್‌ಗೆ ಅಂತ ಕೂಡಿಸಿದ್ದ ದುಡ್ಡು ಅಲ್ಲಿಗೇ ಹೋಯಿತು. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲೇ ಬಂದಿದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಮೊದಲ ದಿನವೇ ಹೋಗಿ ಹೆಸರು ಬರೆಸಿ. ಜಾಗ ಖಾಲಿಯಾಗಲು ಕಾಯಬೇಕಾಗುತ್ತದೆ. ನಾನೂ ಕಾದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುಂಚೆ ಸರಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ರೇಷನ್ ಕಾರ್ಡ್‌ನಲ್ಲೂ ಆಧಾರ್‌ನಲ್ಲೂ ಹೆಸರು ಒಂದೇ ಥರ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಆಮೇಲೆ ಫಿಸ್ಟುಲಾ. ಡಯಾಲಿಸಿಸ್ ಸೂಜಿ ಹಾಕಲು ಕೈಯೊಳಗಿನ ಎರಡು ರಕ್ತನಾಳಗಳನ್ನು ಚಿಕ್ಕ ಆಪರೇಷನ್ ಮಾಡಿ ಜೋಡಿಸುತ್ತಾರೆ. ಅದು ಬಲಿಯಲು ಆರರಿಂದ ಎಂಟು ವಾರ ಬೇಕು. ಅಲ್ಲಿತನಕ ಕುತ್ತಿಗೆಯ ನಳಿಗೆಯೇ ಗತಿ. ನೀರು ತಾಕುವ ಹಾಗಿಲ್ಲ, ತಲೆಗೆ ಸ್ನಾನ ಇಲ್ಲ. ಬಲಿತ ಮೇಲೆ ಫಿಸ್ಟುಲಾ ಮೇಲೆ ಬೆರಳಿಟ್ಟರೆ ಒಳಗೆ ಝುಂ ಅಂತ ಸಣ್ಣಗೆ ನಡುಗುವುದು ಗೊತ್ತಾಗುತ್ತದೆ. ದಿನಾ ಬೆಳಿಗ್ಗೆ ಮುಟ್ಟಿ ನೋಡಿ. ನಡುಕ ನಿಂತರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಆ ಕೈಯಲ್ಲಿ ಬಿಪಿ ನೋಡಲು, ರಕ್ತ ತೆಗೆಯಲು ಬಿಡಬೇಡಿ. ಭಾರ ಎತ್ತಬೇಡಿ.

ಈ ದಿನಗಳಲ್ಲೇ ಮನೆಗೆ ಜನ ಬರತೊಡಗಿದರು. ಬಂದವರೆಲ್ಲ ಪ್ರೀತಿಯಿಂದಲೇ ಬಂದರು. ಆದರೆ ಪ್ರತಿಯೊಬ್ಬರ ಹತ್ತಿರವೂ ಒಂದು ಕಾರಣ ಇತ್ತು. "ದೇವರು ಪರೀಕ್ಷೆ ಮಾಡ್ತಿದ್ದಾನ." "ಹಿರಿಯರು ಮಾಡಿದ್ದು ಏನರೆ ಇರಬೇಕು." "ಪ್ರಾರ್ಥನಾದಾಗ ಕಡಿಮಿ ಬಿದ್ದೀರಿ." ಹೊರಗಿನಿಂದ ಬಂದಿದ್ದ ಒಬ್ಬ ಬೋಧಕರಂತೂ ನನ್ನ ತಲೆಯ ಮೇಲೆ ಕೈಯಿಟ್ಟು, "ಡಯಾಲಿಸಿಸ್ ಬಿಡ್ರಿ. ಮಷೀನ್ ನಂಬೋದಾ ಕರ್ತನ್ನ ನಂಬೋದಾ, ಒಂದು ತೀರ್ಮಾನ ಮಾಡ್ರಿ" ಅಂದರು. ಅವತ್ತು ರಾತ್ರಿ ನಾನೂ ನನ್ನ ಹೆಂಡತಿಯೂ ಮಾತಾಡಲಿಲ್ಲ. ನಂಬಿಕೆ ಇದ್ದವರಿಗೆ ಆ ಮಾತು ಎಷ್ಟು ಆಳಕ್ಕೆ ಇರಿಯುತ್ತದೆ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ.

ಮರುದಿನ ನಮ್ಮ ಸಭಾಪಾಲಕರಿಗೆ ಫೋನ್ ಮಾಡಿದೆ. ನಾವು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನಮ್ಮಜ್ಜ ಬಾಸೆಲ್ ಮಿಷನ್ ಕಾಲದಲ್ಲಿ ದೀಕ್ಷಾಸ್ನಾನ ಆದವರು. ಅಯ್ಯನವರು ಸೈಕಲ್ ಮೋಟಾರ್ ಹತ್ತಿ ಅರ್ಧ ತಾಸಿನಲ್ಲಿ ಬಂದರು. "ಹಿಜ್ಕೀಯ ಅರಸಗ ಹುಣ್ಣಾಗಿ ಸಾಯೋ ಹಂಗಾದಾಗ ಪ್ರವಾದಿ ಯೆಶಾಯ ಏನ್ ಮಾಡಿದ ಹೇಳು?" ಅಂತ ಕೇಳಿದರು. ನನಗೆ ನೆನಪಿರಲಿಲ್ಲ. "ಪ್ರಾರ್ಥನಾಕ್ಕ ಉತ್ತರ ಬಂದ ಮ್ಯಾಲೂ ಅಂಜೂರದ ಉಂಡಿ ತರಿಸಿ ಹುಣ್ಣಿನ ಮ್ಯಾಲೆ ಹಚ್ಚಿಸಿದ. ದೇವರ ಮಾತೂ ಇತ್ತು, ಔಷಧನೂ ಇತ್ತು. ಸುವಾರ್ತಿ ಬರದ ಲೂಕನೂ ವೈದ್ಯನೇ ಅಲ್ಲೇನು? ಹೋಗು, ಡಯಾಲಿಸಿಸ್ ತಪ್ಪಿಸಬ್ಯಾಡ."

ಇದನ್ನು ಓದುವ ವಿಶ್ವಾಸಿಗಳಿಗೆ ಕೈಮುಗಿದು ಹೇಳುತ್ತೇನೆ. ಡಯಾಲಿಸಿಸ್ ನಿಲ್ಲಿಸಿದರೆ ರಕ್ತದಲ್ಲಿ ಪೊಟ್ಯಾಶಿಯಂ ಏರುತ್ತದೆ, ಹೃದಯ ನಿಲ್ಲಬಹುದು. ಯಾರು ಏನೇ ಹೇಳಲಿ, ಒಂದು ಸಲವೂ ತಪ್ಪಿಸಬೇಡಿ.

ಕಾಯಿಲೆಗೆ ಕಾರಣ ಏನು ಅಂತ ಮಾತ್ರ ಅಯ್ಯನವರು ಅವತ್ತು ಹೇಳಲಿಲ್ಲ. ನಾನು ಕೇಳಿದೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಇದು ಯಾರ ಪಾಪ ಅಂತ ಕೇಳಿದಾಗ ಯೇಸು, ಇವನದೂ ಅಲ್ಲ, ಇವನ ತಂದೆತಾಯಿಯದೂ ಅಲ್ಲ ಅಂದದ್ದನ್ನು ಓದಿ ತೋರಿಸಿದರು. "ಅಷ್ಟು ನನಗ ಗೊತ್ತೈತಿ. ಉಳಿದದ್ದು ನನಗೂ ಗೊತ್ತಿಲ್ಲೋ ತಮ್ಮಾ" ಅಂದರು. ಆಮೇಲೆ ಬೈಬಲ್ಲಿನ ಯೋಬನ ಪುಸ್ತಕ, ತಪ್ಪಿಲ್ಲದೆ ಕಷ್ಟಪಟ್ಟವನ ಕಥೆ, ಓದು ಅಂದರು. ನಾನು ಓದಿದೆ. ಯೋಬನ ಗೆಳೆಯರು ಮೊದಲು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತಿರುತ್ತಾರೆ. ಬಾಯಿ ಬಿಟ್ಟ ಮೇಲೆ ಕಾರಣ ಹುಡುಕುತ್ತಾರೆ. ಕೊನೆಗೆ ದೇವರು ಸಿಟ್ಟಾಗುವುದು ಗೆಳೆಯರ ಮೇಲೆ, ಜಗಳಾಡಿದ ಯೋಬನ ಮೇಲಲ್ಲ. ಆದರೂ ಯೋಬನಿಗೆ ಇಂಥದ್ದೇ ಕಾರಣ ಅಂತ ಆತ ಹೇಳುವುದೇ ಇಲ್ಲ. ಇದು ನನಗೆ ಮೊದಲು ಸಮಾಧಾನ ಕೊಡಲಿಲ್ಲ. ಆದರೆ ದೇವರ ಹತ್ತಿರ ಜಗಳ ಆಡಬಹುದು ಅನ್ನೋ ಧೈರ್ಯ ಕೊಟ್ಟಿತು. 13ನೇ ಕೀರ್ತನೆಯಲ್ಲಿ "ಎಲ್ಲಿಯವರೆಗೆ" ಅಂತ ನಾಲ್ಕು ಸಲ ಕೇಳಿದ್ದಾನೆ ಭಕ್ತ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಸ್ತೋತ್ರ ಬಾಯಿಗೆ ಬರದ ದಿನಗಳಲ್ಲಿ ನಾನು ಅವನ್ನೇ ಓದಿದೆ.

ಇನ್ನು ಬೇಸಿಗೆಯ ಮಾತು. ಸೂಜಿಯ ನೋವನ್ನು ನಾನು ಬೇಗ ಮರೆತೆ. ನೀರಡಿಕೆಯನ್ನು ಮರೆಯುವುದಿಲ್ಲ.

ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಹೊರಗೆ ಹೋಗುವುದಿಲ್ಲ. ಕಾಲಿಗೆ, ಶ್ವಾಸಕೋಶಕ್ಕೆ ತುಂಬುತ್ತದೆ. ಹಿಂದಿನ ದಿನ ಎಷ್ಟು ಮೂತ್ರ ಬಂದಿದೆಯೋ ಅಷ್ಟು, ಅದರ ಮೇಲೆ ಅರ್ಧ ಲೀಟರ್. ಇಡೀ ದಿನಕ್ಕೆ ಅಷ್ಟೇ ಅಂದರು. ಚಹಾ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ ಅದರೊಳಗೇ. ವಿಜಯಪುರದ ಏಪ್ರಿಲ್‌ನಲ್ಲಿ ಅರ್ಧ ಲೀಟರ್! ನಮ್ಮೂರಿನವರಿಗೆ ನೀರಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. 1620ರಲ್ಲಿ ಕಟ್ಟಿದ ತಾಜ್ ಬಾವಡಿ ಅನ್ನೋ ದೊಡ್ಡ ಬಾವಿಯ ಮುಂದೆ ಓಡಾಡಿ ಬೆಳೆದವನು ನಾನು. ಆದಿಲ್‌ಶಾಹಿಗಳು ತೊರವಿಯಿಂದ ನೆಲದೊಳಗೆ ಕಾಲುವೆ ತೋಡಿಸಿ ಊರಿಗೆ ನೀರು ತಂದ ಕಥೆ ಶಾಲೆಯಲ್ಲೇ ಕೇಳಿದ್ದೆ. ಮನೆಗೆ ಯಾರೇ ಬಂದರೂ ಮೊದಲು ತಂಬಿಗೆ ನೀರು ಕೊಡುವ ಊರು ಇದು. ಅಂಥಲ್ಲಿ ನನ್ನ ಮನೆಯಲ್ಲೇ ನನಗೆ ನೀರು ಅಳತೆಯಾಯಿತು.

ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರವಾಗುತ್ತಿತ್ತು. ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ಎದ್ದು ಅಡುಗೆ ಮನೆಗೆ ಹೋಗಿ ನೀರು ತುಂಬಿಟ್ಟ ಮಣ್ಣಿನ ಹರವಿಯ ಮುಂದೆ ನಿಲ್ಲುತ್ತಿದ್ದೆ. ಹರವಿಗೆ ಸುತ್ತಿದ ಒದ್ದೆ ಬಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತು, ಆಮೇಲೆ ಹಾಗೇ ಬಂದು ಮಲಗುತ್ತಿದ್ದೆ. ಒಮ್ಮೊಮ್ಮೆ ಅಳು ಬರುತ್ತಿತ್ತು. ಮಕ್ಕಳಿಗೆ ಕೇಳಿಸಬಾರದು ಅಂತ ಹಿತ್ತಲಿಗೆ ಹೋಗುತ್ತಿದ್ದೆ.

ನೀರಡಿಕೆಗೆ ನನಗೆ ಕೆಲಸಕ್ಕೆ ಬಂದದ್ದು ಇಷ್ಟು. ಮೊದಲು ಉಪ್ಪು ಕಡಿಮೆ ಮಾಡಿ. ಉಪ್ಪು ಕಡಿಮೆಯಾಗದೆ ನೀರಡಿಕೆ ಕಡಿಮೆಯಾಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬಿಡಲೇಬೇಕು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಉಪ್ಪು ತರಬೇಡಿ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ. ಬೆಳಿಗ್ಗೆ ಒಂದು ಬಾಟಲಿಯಲ್ಲಿ ಆ ದಿನದ ನೀರು ಅಳೆದಿಟ್ಟುಕೊಂಡರೆ ಲೆಕ್ಕ ತಪ್ಪುವುದಿಲ್ಲ. ಚಿಕ್ಕ ಲೋಟ ಬಳಸಿ. ಬಾಯಿ ಮುಕ್ಕಳಿಸಿ ಉಗುಳಿ. ನಮ್ಮ ಇಂಡಿ ಕಡೆಯ ಲಿಂಬೆಹಣ್ಣಿನ ಒಂದು ತೆಳು ಹೋಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡರೆ ಬಾಯಲ್ಲಿ ನೀರೂರುತ್ತದೆ, ಸ್ವಲ್ಪ ಹೊತ್ತು ತಡೆಯುತ್ತದೆ. ನನ್ನ ಹೆಂಡತಿ ದಿನಾ ಒಂದು ಚಿಕ್ಕ ಡಬ್ಬಿಯಲ್ಲಿ ನಾಲ್ಕು ಹೋಳು ಹಾಕಿ ಕೊಡುತ್ತಿದ್ದಳು.

ಆ ವರ್ಷದ ಶುಭ ಶುಕ್ರವಾರ ನನ್ನ ಡಯಾಲಿಸಿಸ್ ದಿನವೇ ಆಗಿತ್ತು. ಬೆಳಗಿನ ಪಾಳಿ ಮುಗಿಸಿ, ಕೈಗೆ ಪಟ್ಟಿ ಕಟ್ಟಿಕೊಂಡೇ ಆಟೋ ಹತ್ತಿ ದೇವಾಲಯಕ್ಕೆ ಹೋದೆ. ನಮ್ಮಲ್ಲಿ ಹನ್ನೆರಡರಿಂದ ಮೂರರವರೆಗೆ ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಆರಾಧನೆ. ಹೊರಗೆ ಬಿಸಿಲು ಸುಡುತ್ತಿತ್ತು. ಡಯಾಲಿಸಿಸ್‌ನಲ್ಲಿ ನೀರು ಎಳೆದ ದಿನ ನೀರಡಿಕೆ ಇನ್ನೂ ಜಾಸ್ತಿ. ಮೀನಖಂಡ ಬೇರೆ ಹಿಡಿದುಕೊಂಡಿತ್ತು. ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲ ನಾಲ್ಕು ಮಾತುಗಳು ಕಿವಿಗೆ ಬಿದ್ದವೋ ಇಲ್ಲವೋ.

ಐದನೆಯ ಮಾತಿಗೆ ಅಯ್ಯನವರು ಎದ್ದು ನಿಂತರು. ಯೋಹಾನನ ಸುವಾರ್ತೆ, 19ನೇ ಅಧ್ಯಾಯ. "ನನಗೆ ನೀರಡಿಕೆಯಾಗಿದೆ."

ಈ ಮಾತನ್ನು ನಾನು ಚಿಕ್ಕಂದಿನಿಂದ ಪ್ರತಿ ವರ್ಷ ಕೇಳಿದ್ದೇನೆ. ಅವತ್ತು ಕೇಳಿದ ಹಾಗೆ ಎಂದೂ ಕೇಳಿರಲಿಲ್ಲ. ಅಯ್ಯನವರು ದೊಡ್ಡದಾಗಿ ಏನೂ ವಿವರಿಸಲಿಲ್ಲ. ಕಾನಾ ಊರಿನ ಮದುವೆಯಲ್ಲಿ ಆರು ಕಲ್ಲಿನ ಬಾನೆಗಳ ನೀರನ್ನು ದ್ರಾಕ್ಷಾರಸ ಮಾಡಿದವನು, ಸಮಾರ್ಯದ ಹೆಂಗಸಿಗೆ ಬಾವಿಯ ಹತ್ತಿರ ಜೀವಜಲದ ಮಾತು ಹೇಳಿದವನು, ಈಗ ಬಾಯಿ ಒಣಗಿ ತನ್ನನ್ನು ಕೊಲ್ಲುತ್ತಿರುವವರ ಮುಂದೆಯೇ ನೀರಡಿಕೆ ಅನ್ನುತ್ತಿದ್ದಾನೆ ಅಂದರು. ಸಿಪಾಯಿಗಳು ಹುಳಿರಸದಲ್ಲಿ ಅದ್ದಿದ ಸ್ಪಂಜನ್ನು ಕೋಲಿನ ತುದಿಗೆ ಸಿಕ್ಕಿಸಿ ಅವನ ಬಾಯಿಗೆ ಮುಟ್ಟಿಸಿದರು ಅಂದರು. ನನ್ನ ಕೈ ಅಷ್ಟೊತ್ತಿಗೆ ಕಿಸೆಯಲ್ಲಿದ್ದ ಲಿಂಬೆಹೋಳಿನ ಡಬ್ಬಿಯ ಮೇಲಿತ್ತು.

ಹುಳಿ. ಒಣಗಿದ ಬಾಯಿಗೆ ಹುಳಿ ತಾಗಿದಾಗ ಏನಾಗುತ್ತದೆ ಅಂತ ನನಗೆ ಗೊತ್ತು. ಒಡೆದ ತುಟಿ ಮೊದಲು ಉರಿಯುತ್ತದೆ. ಆಮೇಲೆ ನಾಲಿಗೆ ಸ್ವಲ್ಪ ಸಡಿಲವಾಗುತ್ತದೆ. ಯೇಸುವಿಗೂ ಅದು ಗೊತ್ತು. ನನ್ನ ದೇವರಿಗೆ ನೀರಡಿಕೆ ಅಂದರೆ ಏನು ಅಂತ ಮೈಯಿಂದಲೇ ಗೊತ್ತು. ಬೆಂಚಿನ ಮೇಲೆ ತಲೆಯಿಟ್ಟು ಅತ್ತೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕೂತರು, ಏನೂ ಕೇಳಲಿಲ್ಲ.

ಕೋಲ್ಕತ್ತಾದಲ್ಲಿ 1950ರಲ್ಲಿ ಮದರ್ ತೆರೇಸಾ ಶುರು ಮಾಡಿದ ಸಿಸ್ಟರುಗಳ ಸಂಸ್ಥೆಯಲ್ಲಿ ಪ್ರತಿ ಪ್ರಾರ್ಥನಾ ಮಂದಿರದ ಗೋಡೆಯ ಮೇಲೂ ಶಿಲುಬೆಯ ಪಕ್ಕದಲ್ಲಿ ಇದೇ ಮಾತು ಬರೆದಿರುತ್ತದೆ. ಅದನ್ನು ನಾನು ಹಿಂದೆಂದೋ ಓದಿದ್ದೆ. ಯಾಕೆ ಬೇರೆ ಯಾವ ಮಾತೂ ಅಲ್ಲದೆ ಅದನ್ನೇ ಬರೆದರು ಅಂತ ಆ ಶುಕ್ರವಾರ ಮನಸ್ಸಿಗೆ ಹತ್ತಿತು.

ಅವತ್ತಿನಿಂದ ನನ್ನ ಮೈಗೆ ಏನೂ ಸುಲಭವಾಗಲಿಲ್ಲ. ರಾತ್ರಿ ಎಚ್ಚರವಾಗುವುದು ನಿಲ್ಲಲಿಲ್ಲ. ಈ ಕಷ್ಟ ತೆಗೆದುಬಿಡು ಅನ್ನೋ ಪ್ರಾರ್ಥನೆಯನ್ನೂ ನಾನು ಬಿಡಲಿಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುವೂ ಮೂರು ಸಲ ಅದನ್ನೇ ಬೇಡಿದನಲ್ಲ. ಅಪೊಸ್ತಲ ಪೌಲನೂ ಮೈಯೊಳಗಿನ ಮುಳ್ಳು ತೆಗೆ ಅಂತ ಮೂರು ಸಲ ಬೇಡಿದ, ಮುಳ್ಳು ಹೋಗಲಿಲ್ಲ. ನನ್ನ ಕೃಪೆ ನಿನಗೆ ಸಾಕು ಅಂತಷ್ಟೇ ಅವನಿಗೆ ಉತ್ತರ ಬಂತು. ಆದರೆ ಹರವಿಯ ಮುಂದೆ ನಿಂತಾಗ ಒಬ್ಬನೇ ನಿಂತಿದ್ದೇನೆ ಅಂತ ಮತ್ತೆ ಅನ್ನಿಸಲಿಲ್ಲ. ಅದನ್ನು ಹೇಗೆ ಹೇಳಬೇಕೋ ತಿಳಿಯದು. ಕಾರಣ ಕೇಳುತ್ತಿದ್ದೆ. ಕಾರಣ ಬರಲಿಲ್ಲ, ಆತನೇ ಬಂದ.

ನಾಲ್ಕು ತಾಸು ಮಲಗಿದಾಗ ಸುತ್ತಲಿನವರ ಕಡೆ ನನ್ನ ಗಮನ ಹೋಗತೊಡಗಿದ್ದೂ ಆಮೇಲೆಯೇ. ಅದಕ್ಕೆ ಮುಂಚೆ ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಎಡಗಡೆಯ ಬೆಡ್‌ನಲ್ಲಿ ಬಸವನ ಬಾಗೇವಾಡಿ ಕಡೆಯ ಒಬ್ಬ ಕಾಕಾ. ಬಾಯಲ್ಲಿ ಸಣ್ಣಗೆ ವಚನ ಹೇಳಿಕೊಳ್ಳುತ್ತಿರುತ್ತಿದ್ದರು. ತೂಕದ ಯಂತ್ರದ ಮೇಲೆ ನಾನು ನಿಂತರೆ ಸಾಕು, "ಇವತ್ತ ಎಷ್ಟು ಕೆಜಿ ನೀರು ತಂದಿಯೋ ತಮ್ಮಾ?" ಅಂತ ಕೇಳುತ್ತಿದ್ದರು. ಎದುರಿನ ಬೆಡ್‌ನಲ್ಲಿ ವಯಸ್ಸಾದ ಚಾಚಿ. ರಂಜಾನ್ ತಿಂಗಳಲ್ಲಿ ಉಪವಾಸ ಹಿಡಿಯಲಾಗಲಿಲ್ಲ ಅಂತ ಅವರಿಗೆ ತುಂಬಾ ಸಂಕಟ. "ಚಾಚಿ, ಇಡೀ ವರ್ಷ ನಿಮ್ಮ ನೀರಿನ ಉಪವಾಸ ನಡದೇ ಐತಲ್ಲ, ದೇವರಿಗೆ ಕಾಣಂಗಿಲ್ಲೇನು?" ಅಂದೆ. ಅವರು ಬಹಳ ಹೊತ್ತು ನನ್ನನ್ನೇ ನೋಡಿ, "ಹೌದು ಬೇಟಾ" ಅಂದರು. ನಾನು ಒಬ್ಬೊಬ್ಬರ ಹೆಸರು ಹಿಡಿದು ಮನಸ್ಸಿನಲ್ಲೇ ಪ್ರಾರ್ಥನೆ ಮಾಡುತ್ತಿದ್ದೆ. ಅವರಿಗೆ ಹೇಳಿ ಮಾಡಿದ್ದಲ್ಲ. ನಾಲ್ಕು ತಾಸು ಹೋಗುವುದೇ ಗೊತ್ತಾಗುತ್ತಿರಲಿಲ್ಲ. ಒಂದು ಸೋಮವಾರ ಕಾಕಾ ಬರಲಿಲ್ಲ. ಬುಧವಾರ ಆ ಬೆಡ್‌ಗೆ ಬೇರೆಯವರು ಬಂದರು. ಟೆಕ್ನಿಶಿಯನ್ ಹುಡುಗ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಆ ದಿನ ಚಾಚಿ ಜೋರಾಗಿಯೇ ದುವಾ ಮಾಡಿದರು. ನಾನು ಆಮೆನ್ ಅಂದೆ, ಅವರು ಆಮೀನ್ ಅಂದರು.

ಮಲಗಿ ಪ್ರಾರ್ಥಿಸುವವರಿಗೆ ಒಂದು ಮಾತು. ಒಂದು ಕೈ ಅಲ್ಲಾಡಿಸುವ ಹಾಗಿಲ್ಲ, ದಪ್ಪ ಬೈಬಲ್ ಹಿಡಿಯಲಾಗುವುದಿಲ್ಲ. ಫೋನಿನಲ್ಲಿ ಆಡಿಯೋ ಹಾಕಿಕೊಳ್ಳಿ. ಬಿಪಿ ಇಳಿದು ಕಣ್ಣು ಕತ್ತಲೆ ಬಂದರೆ ಪ್ರಾರ್ಥನೆ ಮುಗಿಸಿ ಹೇಳೋಣ ಅಂತ ಕಾಯಬೇಡಿ, ತಕ್ಷಣ ಸಿಸ್ಟರನ್ನು ಕರೆಯಿರಿ.

ಕಸಿಯ ವಿಷಯ ಎತ್ತಿದ್ದು ಅಕ್ಕ. ನನ್ನದು ಓ ಗುಂಪಿನ ರಕ್ತ, ಹೆಂಡತಿಯದು ಬಿ. ಓ ಗುಂಪಿನವರಿಗೆ ಓ ಗುಂಪಿನ ಕಿಡ್ನಿಯೇ ಬೇಕು ಅಂದರು. ತೀರಿಕೊಂಡವರು ದಾನ ಮಾಡಿದ ಕಿಡ್ನಿಗೆ ರಾಜ್ಯದ ಅಂಗಾಂಗ ಹಂಚಿಕೆ ಸಂಸ್ಥೆ ಜೀವಸಾರ್ಥಕತೆಯಲ್ಲಿ ಆಸ್ಪತ್ರೆ ಮೂಲಕ ಹೆಸರು ಬರೆಸಬಹುದು, ಆದರೆ ಸರದಿ ದೊಡ್ಡದು. ತಾಳಿಕೋಟೆಯಿಂದ ನೋಡಲು ಬಂದ ಅಕ್ಕ ರೊಟ್ಟಿ ಬಡಿಯುತ್ತಲೇ, "ನಂದೂ ಓ ಐತಿ. ಎರಡು ಅದಾವ, ಒಂದು ನಿನಗ ಕೊಟ್ರ ನನಗೊಂದು ಉಳೀತೈತಿ" ಅಂದಳು. ನಾನು ಬೇಡ ಅಂದೆ. ತಿಂಗಳುಗಟ್ಟಲೆ ಬೇಡ ಅಂದೆ. ಅಕ್ಕನ ಗಂಡ, ನಮ್ಮ ಮಾವನಿಗೂ ಮನಸ್ಸಿರಲಿಲ್ಲ. ಡಾಕ್ಟರು ಅವರನ್ನು ಕೂರಿಸಿಕೊಂಡು ಒಂದು ಕಿಡ್ನಿಯಲ್ಲಿ ಬದುಕುವುದು ಹೇಗೆ ಅಂತ ಬಿಡಿಸಿ ಹೇಳಿದ ಮೇಲೆ ಒಪ್ಪಿದರು.

ಇಲ್ಲಿಂದ ಕಾಗದದ ದಾರಿ. ಅಂಗಾಂಗ ಕಸಿಗೆ 1994ರ ಕಾಯ್ದೆ ಇದೆ. ಗಂಡ, ಹೆಂಡತಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, 2011ರ ತಿದ್ದುಪಡಿಯ ಮೇಲೆ ಅಜ್ಜ, ಅಜ್ಜಿ, ಮೊಮ್ಮಕ್ಕಳು, ಇವರು ಹತ್ತಿರದ ಸಂಬಂಧಿಗಳು. ಉಳಿದವರಾದರೆ ಅನುಮತಿ ಸಮಿತಿಯ ಮುಂದೆ ಹೋಗಬೇಕು. ಹತ್ತಿರದವರಾದರೂ ಸಂಬಂಧ ಸಾಬೀತು ಮಾಡಬೇಕು. ಇಬ್ಬರ ಆಧಾರ್, ರೇಷನ್ ಕಾರ್ಡ್, ಶಾಲೆ ಬಿಟ್ಟ ಪ್ರಮಾಣಪತ್ರ, ವಂಶವೃಕ್ಷ, ಹಳೆಯ ಮನೆತನದ ಫೋಟೋ, ದಾನಿಯ ಗಂಡನ ಒಪ್ಪಿಗೆ, ಎಲ್ಲ ಕೇಳಿದರು. ನಮಗೆ ಅಡ್ಡ ಬಂದದ್ದು ಅಪ್ಪನ ಹೆಸರು. ಅಕ್ಕನ ಶಾಲೆಯ ದಾಖಲೆಯಲ್ಲಿ ಅಪ್ಪನಿಗೆ ಮನೆಯಲ್ಲಿ ಕರೆಯುವ ಹೆಸರು ಇತ್ತು. ನನ್ನದರಲ್ಲಿ ದೀಕ್ಷಾಸ್ನಾನದ ಹೆಸರು. ನೋಡಿದವರಿಗೆ ಇಬ್ಬರು ಬೇರೆ ಬೇರೆ ಅಪ್ಪಂದಿರ ಮಕ್ಕಳು! ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆದೆವು. ಡಯಾಲಿಸಿಸ್ ಇಲ್ಲದ ದಿನ ನಾನು, ಇದ್ದ ದಿನ ಹೆಂಡತಿ. ಕೊನೆಗೆ ಅಯ್ಯನವರು ಸಭೆಯ ಹಳೆಯ ದೀಕ್ಷಾಸ್ನಾನದ ರಿಜಿಸ್ಟರ್ ತೆಗೆದರು. ಅದರಲ್ಲಿ ನಮ್ಮಿಬ್ಬರ ಹೆಸರೂ, ಅಪ್ಪನ ಎರಡೂ ಹೆಸರೂ, ಅವ್ವನ ಹೆಸರೂ ಒಂದೇ ಕೈಬರಹದಲ್ಲಿ ಇದ್ದವು. ಅದರ ದೃಢೀಕೃತ ಪ್ರತಿ, ನೋಟರಿ ಮಾಡಿಸಿದ ಅಫಿಡವಿಟ್, ರಕ್ತಸಂಬಂಧ ತೋರಿಸುವ ಎಚ್‌ಎಲ್‌ಎ ಪರೀಕ್ಷೆಯ ರಿಪೋರ್ಟ್ ಇಟ್ಟ ಮೇಲೆ ಫೈಲ್ ಮುಂದೆ ಸರಿಯಿತು. ಕ್ರೈಸ್ತ ಕುಟುಂಬಗಳಲ್ಲಿ ಈ ಎರಡು ಹೆಸರಿನ ತೊಂದರೆ ಬಹಳ ಜನಕ್ಕೆ ಇರುತ್ತದೆ. ಕಾಯಿಲೆ ಇರಲಿ, ಇಲ್ಲದಿರಲಿ, ಈಗಲೇ ಸರಿ ಮಾಡಿಸಿಕೊಳ್ಳಿ.

ಆಸ್ಪತ್ರೆಯಲ್ಲಿ ಅಕ್ಕನನ್ನು ಒಬ್ಬಳನ್ನೇ ಕೂರಿಸಿ ಮಾತಾಡಿಸಿದರು. ದುಡ್ಡಿನ ಆಸೆ ತೋರಿಸಿದ್ದಾರಾ, ಒತ್ತಾಯ ಇದೆಯಾ ಅಂತ ಕೇಳಿದರು. ಹೀಗೆ ಕೇಳಿದ್ದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಬೇಡಿ. ದಾನಿಯನ್ನು ಕಾಪಾಡಲೆಂದೇ ಆ ಪ್ರಶ್ನೆಗಳು. ಒಲ್ಲೆ ಅನ್ನಲು ದಾನಿಗೆ ಕೊನೆಯ ಗಳಿಗೆಯವರೆಗೂ ಹಕ್ಕಿದೆ. ಅಕ್ಕನಿಗೆ ರಕ್ತ, ಮೂತ್ರ, ಹೃದಯ, ಕಿಡ್ನಿಯ ರಕ್ತನಾಳ ನೋಡುವ ಸಿಟಿ ಆಂಜಿಯೋ, ಎರಡು ಕಿಡ್ನಿಗಳ ಕೆಲಸ ಬೇರೆ ಬೇರೆ ಅಳೆಯುವ ಸ್ಕ್ಯಾನ್, ಎಲ್ಲ ಆದವು. ಯೋಜನೆಯಲ್ಲಿ ಚಿಕಿತ್ಸೆಯ ಖರ್ಚು ಹೋದರೂ ದಾನಿಯ ಕೆಲವು ಪರೀಕ್ಷೆ, ಬಾಡಿಗೆ ರೂಮು, ಓಡಾಟಕ್ಕೆ ಕೈಯಿಂದ ಲಕ್ಷದ ಮೇಲೆ ಹೋಯಿತು. ಸಭೆಯವರು ಒಂದು ಭಾನುವಾರದ ಕಾಣಿಕೆ ಇಡಿಯಾಗಿ ಕೊಟ್ಟರು. ಅಂಗಡಿಯ ಸಾಲಿನವರು ಚೀಟಿ ಎತ್ತಿ ಕೊಟ್ಟರು.

ಬೆಳಗಾವಿಗೆ ಹೊರಡುವ ಮುಂಚಿನ ಭಾನುವಾರ ಕರ್ತನ ಭೋಜನ ಇತ್ತು. ಅಕ್ಕನೂ ಬಂದಿದ್ದಳು, ವೇದಿಯ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಮೊಣಕಾಲೂರಿದ್ದಳು. ಅಯ್ಯನವರು ರೊಟ್ಟಿ ಮುರಿದು, ಇದು ನಿಮಗೋಸ್ಕರ ಕೊಡುವ ನನ್ನ ದೇಹ ಅನ್ನೋ ಮಾತು ಹೇಳಿದರು. ನಾನು ತಲೆಯೆತ್ತಿ ಅಕ್ಕನನ್ನು ನೋಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ತಿಂಗಳುಗಟ್ಟಲೆ ನಾನು ಬೇಡ ಅಂದದ್ದು ಅವಳ ಮೇಲಿನ ಪ್ರೀತಿಯಿಂದ ಮಾತ್ರ ಅಲ್ಲ, ತೀರಿಸಲಾಗದ ಋಣಕ್ಕೆ ಹೆದರಿ ಅಂತ ಆಗ ತಿಳಿಯಿತು. ತೀರಿಸಲಾಗದ್ದನ್ನು ಸುಮ್ನೆ ಕೈಚಾಚಿ ತಗೊಳ್ಳುವುದನ್ನೇ ನಾವು ಪ್ರತಿ ಸಲ ಆ ಮೆಟ್ಟಿಲ ಮೇಲೆ ಮಾಡುತ್ತೇವೆ. ನಾನು ಕೈಚಾಚಿದೆ.

ಆಪರೇಷನ್ ಚೆನ್ನಾಗಿ ಆಯಿತು. ಅದರ ಬಗ್ಗೆ ಬರೆಯುವಂಥದ್ದು ಜಾಸ್ತಿ ಇಲ್ಲ, ನಾನು ನಿದ್ದೆಯಲ್ಲಿದ್ದೆ. ಹಳೆಯ ಕಿಡ್ನಿಗಳನ್ನು ತೆಗೆಯುವುದಿಲ್ಲ, ಹೊಸದನ್ನು ಕೆಳಹೊಟ್ಟೆಯಲ್ಲಿ ಒಂದು ಬದಿಗೆ ಕೂರಿಸುತ್ತಾರೆ. ಎಚ್ಚರವಾದಾಗ ಸಿಸ್ಟರ್ ಮೂತ್ರದ ಚೀಲ ಎತ್ತಿ ತೋರಿಸಿ ನಕ್ಕರು. ತುಂಬಿತ್ತು. ಅಕ್ಕ ಬೇಗ ಚೇತರಿಸಿಕೊಂಡು ವಾರದೊಳಗೇ ವಾರ್ಡಿನಿಂದ ಹೊರಗೆ ಬಂದಳು.

ನಾಲ್ಕಾರು ದಿನದ ಮೇಲೆ ಡಾಕ್ಟರು ಬಂದು, ಇನ್ನು ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು ಅಂದರು. ನಾನು ಮತ್ತೊಮ್ಮೆ ಹೇಳಿಸಿಕೊಂಡೆ. ಸಿಸ್ಟರ್ ದೊಡ್ಡ ಸ್ಟೀಲ್ ಲೋಟದ ತುಂಬಾ ನೀರು ತಂದರು. ಅಳತೆ ಇಲ್ಲದ ಲೋಟ. ಎರಡು ಗುಟುಕು ಕುಡಿದು ನಿಲ್ಲಿಸಿದೆ, ಅಭ್ಯಾಸ. "ಪೂರ್ತಿ ಕುಡೀರಿ ಅಣ್ಣಾ" ಅಂದರು. ಕುಡಿದೆ. ಆಗ ಚಾಚಿಯ ನೆನಪಾಯಿತು. ಅವರಿಗೆ ಅದೇ ಹೊತ್ತಿಗೆ ಡಯಾಲಿಸಿಸ್ ನಡೆದಿರುತ್ತದೆ. ನೀರು ಸಿಕ್ಕಿದ ಖುಷಿಯೂ ಆ ನೋವೂ ಒಟ್ಟಿಗೇ ಗಂಟಲಲ್ಲಿ ಇಳಿದವು.

ಆಮೇಲಿನ ತಿಂಗಳುಗಳು ಮಾಸ್ಕ್, ಮಾತ್ರೆ, ರಕ್ತ ಪರೀಕ್ಷೆ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ಮಾತ್ರೆಗಳನ್ನು ಜೀವನಪೂರ್ತಿ ತಗೊಳ್ಳಬೇಕು. ನನಗೆ ತಿಂಗಳಿಗೆ ಹತ್ತು ಸಾವಿರದ ಮೇಲೆ ಆಗುತ್ತದೆ. ಕಡಿಮೆಗೆ ಸಿಗುತ್ತದೆ ಅಂತ ಡಾಕ್ಟರನ್ನು ಕೇಳದೆ ಬ್ರ್ಯಾಂಡ್ ಬದಲಿಸಬೇಡಿ. ಮಾತ್ರೆಯ ಹೊತ್ತು ತಪ್ಪಿಸಬೇಡಿ. ಒಂದು ಸಲ ಕ್ರಿಯಾಟಿನಿನ್ ಏರಿ, ಮತ್ತೆ ಅಡ್ಮಿಟ್ ಆಗಿ, ಆ ಹಳೆಯ ಭಯ ಪೂರ್ತಿ ವಾಪಸ್ ಬಂತು. ನಂಬಿಕೆ ಇದ್ದರೆ ಭಯ ಬರುವುದಿಲ್ಲ ಅಂತ ನಾನು ಯಾರಿಗೂ ಹೇಳುವುದಿಲ್ಲ. ಬಂತು. ಆ ರಾತ್ರಿಯೂ ನಾನು ಒಬ್ಬನೇ ಇರಲಿಲ್ಲ, ಅಷ್ಟೇ.

ಸೋಂಕಿನ ಭಯಕ್ಕೆ ಬಹಳ ದಿನ ದೇವಾಲಯಕ್ಕೆ ಹೋಗುವ ಹಾಗಿರಲಿಲ್ಲ. ಅಯ್ಯನವರು ಮನೆಗೇ ಬಂದು ಕರ್ತನ ಭೋಜನ ಕೊಟ್ಟರು. ಡಯಾಲಿಸಿಸ್ ವಾರ್ಡಿಗೂ ಹೋಗುವ ಹಾಗಿಲ್ಲ. ಅದಕ್ಕೇ ಸೋಮ, ಬುಧ, ಶುಕ್ರ ಬೆಳಿಗ್ಗೆ ಫೋನ್ ಮಾಡುತ್ತೇನೆ. ಚಾಚಿ ಸ್ಪೀಕರ್ ಹಾಕುತ್ತಾರೆ, ಸುತ್ತಲಿನ ನಾಲ್ಕೈದು ಜನ ಮಾತಾಡುತ್ತಾರೆ. ಯಾರ ತೂಕ ಎಷ್ಟು ಏರಿದೆ, ಯಾರ ಮಗಳ ಲಗ್ನ, ಯಾರಿಗೆ ಹೊಸ ಫಿಸ್ಟುಲಾ, ಎಲ್ಲ ಗೊತ್ತಾಗುತ್ತದೆ.

ನಮ್ಮ ಸಭೆಯವರಿಗೂ ಒಂದು ಬೇಡಿಕೆ. ಡಯಾಲಿಸಿಸ್ ಆಗುತ್ತಿರುವವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು, ಮೋಸಂಬಿ ಒಯ್ಯಬೇಡಿ. ಅವುಗಳ ಪೊಟ್ಯಾಶಿಯಂ ಅವರಿಗೆ ವಿಷ. ಕಾರಣವನ್ನೂ ಒಯ್ಯಬೇಡಿ. ಅವರ ಮುಂದೆ ಬಾಟಲಿ ಎತ್ತಿ ನೀರು ಕುಡಿಯಬೇಡಿ. ಒಂದು ತಾಸು ಸುಮ್ನೆ ಕೂತು ಬನ್ನಿ, ಸಾಧ್ಯವಾದರೆ ವಾರಕ್ಕೊಂದು ಸಲ ಆಟೋ ಖರ್ಚು ನೋಡಿಕೊಳ್ಳಿ.

ಮುಂದಿನ ವಾರ ಅಕ್ಕನನ್ನೂ ಕರೆದುಕೊಂಡು ಬೆಳಗಾವಿಗೆ ಹೋಗುತ್ತೇನೆ. ದಾನಿಗೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದ ಪ್ರೋಟೀನ್ ನೋಡಬೇಕು. ನನಗೆ ರಕ್ತದಲ್ಲಿ ಮಾತ್ರೆಯ ಮಟ್ಟ ಎಷ್ಟಿದೆ ಅಂತ ನೋಡುವ ಪರೀಕ್ಷೆ. ಅದಕ್ಕೆ ಹಿಂದಿನ ರಾತ್ರಿಯ ಮಾತ್ರೆ ತಗೊಂಡು ಹನ್ನೆರಡು ತಾಸಿಗೆ, ಬೆಳಗಿನ ಮಾತ್ರೆ ನುಂಗುವ ಮುಂಚೆ ರಕ್ತ ಕೊಡಬೇಕು. ವಿಜಯಪುರದಿಂದ ಬೆಳಿಗ್ಗೆ ಹೊರಟರೆ ಆಗುವುದಿಲ್ಲ. ಹಿಂದಿನ ಸಂಜೆಯೇ ಹೋಗಿ ಉಳಿದುಕೊಳ್ಳಿ.